ಪಾಚಿಯನ್ನು ಮಾತ್ರ ನಂಬಿದವರು

“ಚೆಕಿಂಗ್ ಸಾಹೇಬ್ರು ಹೋಗ್ಬಿಟ್ರಂತೆ” ಎಂದು ಪಕ್ಕದ ಬೇಕರಿಯವನು ಬಂದು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಅವರೇ ಸತ್ತಿದ್ದೇನೆ ಎಂದು ಸುದ್ದಿ ಹಬ್ಬಿಸಿ, ಯಾರು ಹಾರ ತರುತ್ತಾರೆ, ಯಾರು ಬರಿಗೈಲಿ ಬರುತ್ತಾರೆ ಎಂದು ಮಲಗಿದಲ್ಲಿಂದಲೇ ಅರೆಗಣ್ಣು ತೆರೆದು ನೋಡುತ್ತಿರಬಹುದು ಎನಿಸಿತು. ಹೋಗಿ ನೋಡಿದೆ. ನಿಜವಾಗಿಯೂ ಹೋಗಿದ್ದರು. ಆದರೂ ಹಾರ ಹಾಕುವಾಗ ನನ್ನ ಕೈ ಆದಷ್ಟು ಅಲುಗದಂತೆ ನೋಡಿಕೊಂಡೆ. ಅವರ ಮುಂದೆ ಕೈ ಅಲುಗಿದರೆ ಅದಕ್ಕೊಂದು ಅರ್ಥವಿರುತ್ತಿತ್ತು.

ದೊಡ್ಡಬಳ್ಳಾಪುರದ ಹಳೇ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಬಣ್ಣದ ಮೀನಿನ ಅಂಗಡಿ. ಗಾಜಿನ ತೊಟ್ಟಿ, ಮೀನು, ಮೀನಿಗೆ ಹಾಕುವ ಫೀಡು, ಫಿಲ್ಟರು, ಗಾಳಿ ಬಿಡುವ ಮೋಟಾರು ಎಲ್ಲ ಮಾರುತ್ತೇನೆ. ಈ ವ್ಯಾಪಾರಕ್ಕೆ ಕೂತವನಿಗೆ ಅನುಮಾನ ತಾನಾಗಿಯೇ ಬರುತ್ತದೆ. ಮೀನು ಸತ್ತರೆ ಗಿರಾಕಿಗೆ ನನ್ನ ಮೇಲೆ ಅನುಮಾನ, ನನಗೆ ಅವನ ಮನೆಯ ನೀರಿನ ಮೇಲೆ ಅನುಮಾನ, ಮೀನು ಕಳಿಸುವ ಹೋಲ್‌ಸೇಲಿನವನಿಗೆ ನಮ್ಮಿಬ್ಬರ ಮೇಲೂ ಅನುಮಾನ. ಆದರೆ ಇದೆಲ್ಲ ಶಟರ್ ಎಳೆದರೆ ಮುಗಿಯುವ ಅನುಮಾನ. ಸಾಹೇಬರದು ಹಾಗಲ್ಲ. ಅವರು ಅನುಮಾನದಲ್ಲೇ ಸರ್ವೀಸ್ ಮಾಡಿ, ರಿಟೈರಾಗುವಾಗ ಅದನ್ನೂ ಶಾಲು ಹಾರದ ಜೊತೆ ಮನೆಗೆ ತಂದುಕೊಂಡವರು.

ಸರ್ಕಾರಿ ಬಸ್ಸುಗಳಲ್ಲಿ ಅವರು ಟಿಕೆಟ್ ತಪಾಸಣೆಯ ಇನ್ಸ್‌ಪೆಕ್ಟರ್ ಆಗಿದ್ದರು. ದಾಬಸ್‌ಪೇಟೆಗೆ ಹೋಗುವ ಫ್ಯಾಕ್ಟರಿ ಶಿಫ್ಟಿನ ಬಸ್ಸು, ಹೊಸಕೋಟೆಯ ಕಡೆಗೆ ತರಕಾರಿ ಮೂಟೆ ಹೇರಿಕೊಂಡ ಬಸ್ಸು, ಭಾನುವಾರ ಮಾಕಳಿದುರ್ಗ ಹತ್ತಲು ಬರುವ ಬೆಂಗಳೂರಿನ ಹುಡುಗರು ತುಂಬಿದ ಬಸ್ಸು, ಎಲ್ಲವನ್ನೂ ರಸ್ತೆಯಲ್ಲಿ ಕೈ ಅಡ್ಡ ಹಾಕಿ ನಿಲ್ಲಿಸಿ ಹತ್ತಿದವರು. ಗಿಡ್ಡನೆಯ ಆಳು, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಜೇಬಿನಲ್ಲಿ ಎರಡು ಪೆನ್ನು. ಒಂದನ್ನು ನಂಬಲಾಗದು ಎಂದು ಇನ್ನೊಂದು. ಯಾವ ಅಂಗಡಿಗೆ ಬಂದರೂ ಬಾಗಿಲಲ್ಲಿ ನಿಂತು, ಒಳಗಿರುವವರನ್ನೆಲ್ಲ ಹಿಂದಿನ ಸೀಟಿನಿಂದ ಮುಂದಿನ ಸೀಟಿನವರೆಗೆ ನೋಡಿದಂತೆ ಒಮ್ಮೆ ನೋಡುತ್ತಿದ್ದರು. ಆ ನೋಟಕ್ಕೆ ಜನ ಸುಮ್ಮನೆ ತಮ್ಮ ಜೇಬು ಮುಟ್ಟಿಕೊಳ್ಳುತ್ತಿದ್ದರು. ನಾನೂ ಮುಟ್ಟಿಕೊಂಡಿದ್ದೇನೆ, ನನ್ನದೇ ಅಂಗಡಿಯಲ್ಲಿ.

ಮೊದಲ ಸಲ ಬಂದಾಗ ಜೊತೆಗೆ ಅವರ ಮನೆಯಾಕೆ ಇದ್ದರು. ಅನುಗೊಂಡನಹಳ್ಳಿ ಕಡೆಯ ಹೆಣ್ಣುಮಗಳು, ಮಾತು ಕಡಿಮೆ. ಒಂದು ದೊಡ್ಡ ತೊಟ್ಟಿಯ ಮುಂದೆ ನಿಂತುಬಿಟ್ಟರು. ಅದರಲ್ಲಿ ಒಂದು ಆಸ್ಕರ್ ಮೀನಿತ್ತು. ಕಪ್ಪು ಮೈಗೆ ಕೆಂಡದ ಬಣ್ಣದ ಪಟ್ಟೆ, ಅಂಗೈ ಅಗಲ. ಆಸ್ಕರ್ ಎಂದರೆ ಮುಖ ಗುರುತು ಹಿಡಿಯುವ ಮೀನು. ಗಾಜಿನ ಹತ್ತಿರ ಬಂದು ಆಕೆಯನ್ನೇ ನೋಡಿತು.

“ಇದು ನೋಡುತ್ತೆ ಕಣ್ರೀ” ಎಂದರು ಅಮ್ಮಾವರು.

“ಎಲ್ಲಾ ಮೀನೂ ನೋಡುತ್ತೆ. ಕಣ್ಣಿಲ್ವಾ?” ಎಂದರು ಸಾಹೇಬರು.

“ನೀವು ಸರ್ವೀಸೆಲ್ಲಾ ಬಸ್ಸಲ್ಲೇ ಕಳೆದ್ರಿ. ನನ್ ಕಡೆ ತಿರುಗಿ ನೋಡೋದು ಏನಾದ್ರೂ ಒಂದು ಮನೇಲಿ ಇರ್ಲಿ ಬಿಡಿ.”

ಸಾಹೇಬರು ನನ್ನ ಕಡೆ ತಿರುಗಿ, ಮೀನಿಗೆ ರೋಗ ಇದೆಯೇ ಎಂದು ಜಬರಿಸಿದರು. ಇಲ್ಲ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ಕೌಂಟರಿನ ಮೇಲಿದ್ದ ನನ್ನ ಕೈ ನೋಡಿದರು. ಆಮೇಲೆ ಹೇಳಿದರು: “ಮುಖಾನ ಎಲ್ರೂ ರೆಡಿ ಮಾಡ್ಕೊಂಡೇ ಬರ್ತಾರೆ ಕಣಯ್ಯ. ಕೈ ಮಾತ್ರ ಮರ್ತೋಗ್ತಾರೆ. ಟಿಕೆಟ್ ಇಲ್ದೋನ ಕೈ ಸುಮ್ನಿರಲ್ಲ. ಏನಾದ್ರೂ ತಿರುಗಿಸ್ತಾ, ಹಿಂಡ್ತಾ ಇರುತ್ತೆ. ನಿನ್ ಕೈ ಸುಮ್ನಿದೆ. ಕೊಡು ಮೀನು.” ಚೀಲದಲ್ಲಿ ನೀರು ತುಂಬಿ ಮೀನು ಬಿಟ್ಟು ಕೊಟ್ಟರೆ, ಅದನ್ನು ಟ್ಯೂಬ್‌ಲೈಟಿಗೆ ಎತ್ತಿ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಖೋಟಾ ನೋಟು ನೋಡುವವರ ಹಾಗೆ. ಆಮೇಲೆ ಎಷ್ಟು ವರ್ಷ ಬಂದರೂ, ಒಂದು ಡಬ್ಬ ಫೀಡ್ ಕೊಂಡರೂ, ಬೆಳಕಿಗೆ ಹಿಡಿಯದೆ ಒಯ್ದವರಲ್ಲ.

ನನಗೆ ಅವರು ಸೇರಲಿಲ್ಲ. ಇದನ್ನು ಮುಚ್ಚಿಡುವುದೇಕೆ? ಹಾಲಿನವನ ಮುಂದೆ ಹಾಲಿಗೆ ಬೆರಳದ್ದಿ ನೋಡುತ್ತಿದ್ದರಂತೆ. ಕೊತ್ತಂಬರಿ ಕಟ್ಟು ಬಿಚ್ಚಿ ಒಳಗೆ ಹುಲ್ಲಿದೆಯೇ ಎಂದು ಹುಡುಕುತ್ತಿದ್ದರಂತೆ. ಒಮ್ಮೆ ನಾನು ಇದನ್ನು ತಮಾಷೆಯಾಗಿ ಎತ್ತಿದಾಗ ಅಮ್ಮಾವರು ಸೆರಗು ಸರಿಮಾಡಿಕೊಳ್ಳುತ್ತ, “ಅಯ್ಯೋ, ಮದುವೇಲಿ ತಾಳಿನೇ ಉಜ್ಜಿಸಿ ನೋಡಿದ್ರಪ್ಪಾ, ಅದೂ ಅವರಪ್ಪನೇ ಮಾಡ್ಸಿದ್ದು” ಎಂದರು. ಸಾಹೇಬರು ಪಕ್ಕದಲ್ಲೇ ಇದ್ದರು. “ಅಪ್ಪ ಆದ್ರೇನು, ಅಕ್ಕಸಾಲಿ ಬೇರೆಯವನಲ್ವಾ?” ಎಂದರು, ನಗದೆ.

ಆ ಮೊದಲ ಆಸ್ಕರ್ ಮಳೆಗಾಲ ಮುಗಿಯುವುದರೊಳಗೆ ಸತ್ತಿತು. ಸಾಹೇಬರು ಬೆಳಿಗ್ಗೆಯೇ ಬಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. “ನಿನ್ ಮೀನು ಸತ್ರೆ ನಮ್ಮನೇಲಿ ಒಲೆ ಹಚ್ಚಲ್ಲ ಗೊತ್ತೇನಯ್ಯಾ? ಅವಳು ಒಂದಗುಳು ಮುಟ್ಟಲ್ಲ. ಗೋಡೆ ಕಡೆ ತಿರುಗಿ ಮಲಗ್ತಾಳೆ. ನಾನು ಉಪವಾಸ ಬೀಳ್ಬೇಕು.” ತಾವು ಉಪವಾಸ ಬಿದ್ದದ್ದೇ ದೊಡ್ಡ ಸಂಕಟ ಎನ್ನುವಂತೆ ಹೇಳಿದರು. ಇನ್ನೊಂದು ಮೀನು ಕೊಟ್ಟೆ. ಅದೂ ಸತ್ತಿತು. ಮತ್ತೆ ಒಲೆ ಹಚ್ಚಲಿಲ್ಲ.

ತಪ್ಪು ನನ್ನ ಮೀನಿನದಲ್ಲ. ನಮ್ಮ ಊರಿನ ನೀರಿನದು. ಆಸ್ಕರ್ ಗಲೀಜು ಮೀನು, ತಿನ್ನುವುದಕ್ಕಿಂತ ಉಗುಳುವುದೇ ಜಾಸ್ತಿ. ನೀರಿನಲ್ಲಿ ಅದರ ಹೇಲು ಉಚ್ಚೆಯ ವಿಷ ಬೇಗ ಸೇರುತ್ತದೆ. ಆಗಾಗ ಅರ್ಧ ತೊಟ್ಟಿ ನೀರು ತೆಗೆದು ಹೊಸದು ಹಾಕಬೇಕು. ಹಾಕಲು ನೀರೆಲ್ಲಿ? ನಲ್ಲಿ ಬಂದ ದಿನ ಒಂದು ನೀರು, ಬೋರಿನ ದಿನ ಇನ್ನೊಂದು, ಟ್ಯಾಂಕರ್ ತರಿಸಿದರೆ ಅದು ಯಾವ ಊರಿನದೋ. ಮೀನಿಗೆ ದಿನಕ್ಕೊಂದು ಊರಿನ ನೀರು ಕುಡಿಸಿದರೆ ಬದುಕುವುದು ಹೇಗೆ? ಇದನ್ನು ಹೇಳಿ, ನನ್ನಲ್ಲಿದ್ದ ಒಳ್ಳೆಯ ಫಿಲ್ಟರ್ ಒಂದನ್ನು ಮಾರಿದೆ. ಕೆಲವು ದಿನ ಕಳೆದು ಸಾಹೇಬರು ಅದನ್ನು ಪೂರಾ ಬಿಚ್ಚಿ, ಒಳಗಿನ ಕಪ್ಪು ಸ್ಪಂಜನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದು ಕೌಂಟರಿನ ಮೇಲೆ ಇಟ್ಟರು. “ನೋಡಿದೆ ಕಣಯ್ಯ. ಇದು ಕಸಾನ ಹಿಡಿದಿಟ್ಕೊಳ್ಳುತ್ತೆ, ಆಚೆ ಹಾಕಲ್ಲ. ಕಳ್ಳನ್ನ ಹಿಡಿದು ಅದೇ ಬಸ್ಸಲ್ಲಿ ಕೂರಿಸ್ಕೊಂಡಂಗಾಯ್ತು.”

ಅದಾದ ಮೇಲೆ ಅವರು ಅಂಗಡಿಗೆ ಬರುವುದು ನಿಂತಿತು. ಯಲಹಂಕದ ಯಾವುದೋ ದೊಡ್ಡ ಅಂಗಡಿಗೆ ಹೋಗುತ್ತಿರಬೇಕು ಎಂದುಕೊಂಡೆ. ಹೋದರೆ ಹೋಗಲಿ ಎಂದೂ ಅಂದುಕೊಂಡೆ. ಅಷ್ಟರಲ್ಲಿ ಬೇಕರಿಯವನು ಸುದ್ದಿ ತಂದ. ಸಾಹೇಬರ ಮನೆಯ ಮುಂದಿನ ಕೋಣೆಯ ಕಿಟಕಿಯಿಂದ ಸಂಜೆಯಾದರೆ ಕೆನ್ನೇರಳೆ ಬೆಳಕು ಬರುತ್ತಿದೆಯಂತೆ. ಕಿಟಕಿಗೆ ಬೆಡ್‌ಶೀಟ್ ಕಟ್ಟಿದ್ದಾರಂತೆ. ಒಳಗಿಂದ ನೀರು ಸುರಿಯುವ ಸದ್ದು, ಕೆರೆಯ ವಾಸನೆ.

“ಏನ್ ಗುರು, ನಿಮ್ ಸಾಹೇಬ್ರು ಒಳಗೆ ಏನ್ ಬೆಳೀತಿದಾರೆ?” ಎಂದು ಬೀದಿಯ ಹುಡುಗರು ನನ್ನನ್ನು ಕೇಳತೊಡಗಿದರು. ಏನು ಬೆಳೆಯುತ್ತಾರೆ ಎಂದು ಅವರು ಆಗಲೇ ತೀರ್ಮಾನ ಮಾಡಿಯಾಗಿತ್ತು. ಆ ಗಿಡವನ್ನು ಇಂಥ ಬೆಳಕಿನಲ್ಲೇ ಮನೆಯೊಳಗೆ ಬೆಳೆಯುತ್ತಾರೆ ಎಂದು ಮೊಬೈಲಿನಲ್ಲಿ ನೋಡಿದ್ದರಂತೆ. ಬೀಟಿನ ಪೊಲೀಸಿನವರೂ ಒಮ್ಮೆ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ಆ ಮನೆಗೆ ನೀನು ಏನೇನು ಸಪ್ಲೈ ಮಾಡ್ತೀಯ ಎಂದು ವಿಚಾರಿಸಿ ಹೋದರು. ಈಗ ನನಗೂ ಭಯ ಹತ್ತಿತು. ಬದುಕೆಲ್ಲ ಬೇರೆಯವರ ಕಳ್ಳತನ ಹಿಡಿದ ಮನುಷ್ಯ ರಿಟೈರಾದ ಮೇಲೆ ಒಂದು ಸಲ ತಾನೂ ಕದ್ದು ನೋಡೋಣ ಎಂದುಕೊಂಡರೆ? ಎಲ್ಲ ದಾರಿಯೂ ಗೊತ್ತಿರುವವರು ಬೇರೆ.

ಒಂದು ಡಬ್ಬ ಫೀಡ್ ಹಿಡಿದುಕೊಂಡು, ಹೊಸದು ಬಂದಿದೆ ಎಂಬ ನೆಪ ಮಾಡಿ, ಅವರ ಮನೆಗೆ ಹೋದೆ. ಬಾಗಿಲು ತೆಗೆದವರು ಸಾಹೇಬರೇ. ನನ್ನ ಕೈಯನ್ನೇ ನೋಡಿದರು. ನಾನು ಡಬ್ಬವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದೆ.

“ಫೀಡ್ ಕೊಡೋಕೆ ಬಂದಿಲ್ಲ ನೀನು. ಬಾ ಒಳಗೆ, ನೋಡ್ಕೊಂಡು ಹೋಗಿ ಊರಿಗೆಲ್ಲಾ ಹೇಳು.”

ಒಳಗೆ ಗಾಂಜಾ ಇರಲಿಲ್ಲ. ಪಾಚಿ ಇತ್ತು. ಮೀನಿನ ತೊಟ್ಟಿಯ ಮೇಲೆ ಒಂದು ಕಬ್ಬಿಣದ ಸ್ಟ್ಯಾಂಡು, ಅದರಲ್ಲಿ ಅಡ್ಡಕ್ಕೆ ಒಂದು ಪಿವಿಸಿ ಪೈಪು. ಪೈಪಿಗೆ ಉದ್ದಕ್ಕೆ ಸೀಳು. ಮೋಟಾರಿನಿಂದ ಮೇಲೆ ಬಂದ ನೀರು ಆ ಸೀಳಿನಿಂದ ಒಂದು ಪ್ಲಾಸ್ಟಿಕ್ ಬಲೆಯ ಮೇಲೆ ತೆಳ್ಳಗೆ ಇಳಿದು ಮತ್ತೆ ತೊಟ್ಟಿಗೆ ಬೀಳುತ್ತಿತ್ತು. ರೇಷ್ಮೆ ಹುಳು ಸಾಕುವವರು ತಟ್ಟೆಗೆ ಹಾಸುತ್ತಾರಲ್ಲ, ಅದೇ ಬಲೆ, ಪಾಚಿ ಹಿಡಿಯಲೆಂದು ಗರಗಸದಿಂದ ಉಜ್ಜಿ ತರಿತರಿ ಮಾಡಿದ್ದು. ಅದರ ಎರಡೂ ಕಡೆ ಕೆಂಪು, ನೀಲಿ ಎಲ್‌ಇಡಿ ದೀಪಗಳು. ಬಲೆಯ ತುಂಬ ಕೂದಲಿನ ಹಾಗೆ ಹಸಿರು ಪಾಚಿ ಇಳಿಬಿದ್ದಿತ್ತು. ಬೀದಿಯಲ್ಲಿ ಮಾತಿಗೆ ಸಿಕ್ಕಿದ್ದ ಕೆನ್ನೇರಳೆ ಬೆಳಕು ಇಷ್ಟೇ.

ಈ ಉಪಾಯ ಬಂದದ್ದು ಹೇಗೆ ಎಂದು ಕೇಳಿದ್ದಕ್ಕೆ ಅವರು ಮೊದಲ ಸಲ ಖುಷಿಯಾಗಿ ಮಾತಾಡಿದರು. “ನಮ್ ಕಡೆ ಸೇವಂತಿಗೆ ತೋಟಕ್ಕೆ ರೈತರು ಸಾಲುಸಾಲು ಬಲ್ಬ್ ಹಾಕ್ತಾರಲ್ಲ, ಬಸ್ಸಿಂದ ನೋಡ್ತಿದ್ದೆ. ಯಾಕೆ ಅಂತ ಒಬ್ಬನ್ನ ಕೇಳ್ದೆ. ಇನ್ನೂ ಹಗಲೈತೆ ಅಂತ ಗಿಡ ನಂಬ್ಕೊಳ್ಳುತ್ತೆ ಸ್ವಾಮಿ, ನಮಗೆ ಬೇಕಾದ ಹಬ್ಬಕ್ಕೆ ಹೂ ಬಿಡುತ್ತೆ ಅಂದ. ನೋಡಯ್ಯ, ಮನುಷ್ಯರಿಗೆ ಸಾಲ್ದು ಅಂತ ಗಿಡಕ್ಕೂ ಮೋಸ! ಹಂಗಾದ್ರೆ ಪಾಚಿಗೂ ಮಾಡ್ಬೋದಲ್ಲ ಅನ್ನಿಸ್ತು. ಪಾಚಿಗೆ ಬೇಕಾಗಿರೋದೇ ಮೀನಿನ ಹೊಲಸು. ದೀಪ ಹಾಕಿ, ಹಗಲು ಹಗಲು ಅಂತ ನಂಬಿಸಿದ್ರೆ, ತಿಂದು ತಿಂದು ಬೆಳೆಯುತ್ತೆ. ವಾರಕ್ಕೊಂದು ಸಲ ಕೆರೆದು ಆಚೆ ಹಾಕಿದ್ರೆ ಹೊಲಸು ಮನೆಯಿಂದಾನೇ ಆಚೆ ಹೋಯ್ತು. ನಿನ್ ಫಿಲ್ಟರ್ ಥರ ಒಳಗೇ ಇಟ್ಕೊಳ್ಳಲ್ಲ.”

ಎಲ್ಲವೂ ಸಲೀಸಾಗಿ ಆದದ್ದಲ್ಲ ಎಂದು ಅಮ್ಮಾವರು ಒಳಗಿನಿಂದ ಹೇಳಿದರು. ಮೊದಲು ಬಿಳಿ ಬಲ್ಬ್ ಹಾಕಿ ಕಂದು ಬಣ್ಣದ ಲೋಳೆ ಬಂದಿತ್ತು. ಆಮೇಲೆ ಕೆಂಪು ದೀಪ ತೀರಾ ಹತ್ತಿರ ಇಟ್ಟು ಪಾಚಿ ಹಳದಿಯಾಗಿ ಸುಟ್ಟುಹೋಗಿತ್ತು. ಒಂದು ದಿನ ಪೈಪ್ ಕಟ್ಟಿಕೊಂಡು ನೀರೆಲ್ಲ ನೆಲಕ್ಕೆ ಹರಿದು, ಸಾಹೇಬರು ಜಾರಿ ಬಿದ್ದು ಸೊಂಟ ಹಿಡಿದುಕೊಂಡಿದ್ದರು. “ಬಿದ್ದಿದ್ದಕ್ಕೂ ನನ್ನನ್ನೇ ಬೈದ್ರು, ನೆಲ ಯಾಕೆ ಇಷ್ಟು ನುಣ್ಣಗೆ ಒರೆಸ್ತೀಯ ಅಂತ” ಎಂದರು ಅಮ್ಮಾವರು.

ನನಗೆ ಅಲ್ಲಿಯೂ ನಂಬಿಕೆ ಬರಲಿಲ್ಲ. ಪಾಚಿ ಎಂದರೆ ನಮ್ಮ ಕಡೆ ಮನೆಯ ಹೆಂಗಸಿನ ಮರ್ಯಾದೆಯ ಪ್ರಶ್ನೆ. ಮನೆಯ ನೀರಿನ ತೊಟ್ಟಿಗೆ ಪಾಚಿ ಕಟ್ಟಿದರೆ ಬಂದ ನೆಂಟರು ಬಾಯಿಬಿಟ್ಟು ಹೇಳದಿದ್ದರೂ ಮನೆಗೆ ಹೋಗಿ ಹೇಳುತ್ತಾರೆ. ಹಬ್ಬ ಬಂತೆಂದರೆ ತೆಂಗಿನ ನಾರು ಹಿಡಿದು ಮೊದಲು ತಿಕ್ಕುವುದೇ ಅದನ್ನು. ಅಂಥದ್ದನ್ನು ಕರೆಂಟು ಸುಟ್ಟು ಸಾಕುವುದೇ? ಆದರೆ ಕೆಳಗಿನ ತೊಟ್ಟಿಯ ಗಾಜಿನ ಮೇಲೆ ಒಂದು ಚುಕ್ಕೆ ಪಾಚಿ ಇರಲಿಲ್ಲ. ಮೇಲೆ ಅದಕ್ಕೆ ಊಟ ಇದ್ದುದರಿಂದ ಕೆಳಗೆ ಬಂದಿರಲಿಲ್ಲ. ನೀರು ಕಾಣದಷ್ಟು ತಿಳಿ. ಒಳಗೊಂದು ಮರಿ ಆಸ್ಕರ್, ಯಲಹಂಕದಿಂದಲೇ ತಂದದ್ದು, ನನ್ನ ಅನುಮಾನ ಸರಿಯಾಗಿತ್ತು. ಅಮ್ಮಾವರು ಬಂದು ನೀರಿಗೆ ಬೆರಳಿಟ್ಟರು. ಮೀನು ಮೇಲೆ ಬಂದು ಬೆರಳಿಗೆ ಮೂತಿ ತಾಗಿಸಿ, ಅಲ್ಲೇ ನಿಂತಿತು.

“ಪಾಚಿ ಸುಳ್ಳು ಹೇಳಲ್ಲ ಕಣಯ್ಯ” ಎಂದರು ಸಾಹೇಬರು, ಹೆಂಡತಿಯ ಕಡೆ ನೋಡದೆ. “ನೀರು ಕೆಟ್ರೆ ದಪ್ಪ ಬೆಳೆಯುತ್ತೆ, ಚೆನ್ನಾಗಿದ್ರೆ ತೆಳ್ಳಗೆ. ಇಷ್ಟು ವರ್ಷದಲ್ಲಿ ಕೇಳೋದಕ್ಕೆ ಮುಂಚೆ ಟಿಕೆಟ್ ತೋರ್ಸಿದ್ದು ಇದೊಂದೇ.”

ಆ ಮೀನು ಬದುಕಿತು. ಬದುಕಿದ್ದಷ್ಟೇ ಅಲ್ಲ, ದೊಡ್ಡದಾಗಿ ಬೆಳೆಯಿತು. ಅಮ್ಮಾವರು ಕಾಳು ಬಿಡಿಸುವಾಗ ತೊಟ್ಟಿಯ ಪಕ್ಕದಲ್ಲೇ ಕೂರುತ್ತಿದ್ದರು, ಅದು ಗಾಜಿಗೆ ಅಂಟಿಕೊಂಡು ನೋಡುತ್ತಿತ್ತು. ಆ ಪಾಚಿಯ ಯಂತ್ರವನ್ನು ಮುಟ್ಟಲು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ ಸಾಹೇಬರು. ವಾರಕ್ಕೊಮ್ಮೆ ಕನ್ನಡಕವನ್ನು ಹಣೆಗೇರಿಸಿ, ತಮ್ಮ ಹಳೆಯ ಡ್ಯೂಟಿ ಐಡಿ ಕಾರ್ಡಿನ ಅಂಚಿನಿಂದ ಬಲೆಯ ಅರ್ಧ ಭಾಗದ ಪಾಚಿ ಕೆರೆಯುತ್ತಿದ್ದರು. ಬೀಜಕ್ಕೆ ಅರ್ಧ ಬಿಡಬೇಕಂತೆ. ಕೆರೆದದ್ದನ್ನು ಹಿಂಡಿ ಹಿತ್ತಲ ಕರಿಬೇವಿನ ಬುಡಕ್ಕೆ ಹಾಕುತ್ತಿದ್ದರು. ನನ್ನ ಅಂಗಡಿಗೆ ಫೀಡಿಗಾಗಿ ಬರುವುದು ಮತ್ತೆ ಶುರುವಾಯಿತು. ಪ್ರತಿ ಸಲವೂ ಡಬ್ಬ ಬೆಳಕಿಗೆ. ಬಂದ ಗಿರಾಕಿಗಳ ಮುಂದೆ, “ಇವನ ಫಿಲ್ಟರ್ ತಗೋಬೇಡಿ, ಪಾಚಿ ಬೆಳೆಸಿ” ಎಂದು ಬುದ್ಧಿ ಹೇಳುವುದು ಬೇರೆ. ನನ್ನ ವ್ಯಾಪಾರ ಮುಳುಗಿಸಲೆಂದೇ ಯಾರೋ ಇವರನ್ನು ಕಳಿಸಿದ್ದಾರೆ ಎಂದು ನಾನು ನಂಬಿದ್ದ ಕಾಲ ಅದು.

ಆಮೇಲೆ ಆ ಆಯುಧ ಪೂಜೆ ಬಂತು.

ನಮ್ಮದು ಮಗ್ಗದ ಊರು. ಆಯುಧ ಪೂಜೆಯ ದಿನ ಮಗ್ಗಗಳು ನಿಂತು ಇಡೀ ಊರಿಗೆ ಕಿವಿ ಬಂದಂತಾಗುತ್ತದೆ. ಅವತ್ತು ಯಾವ ಯಂತ್ರವನ್ನೂ ದುಡಿಸಬಾರದು. ತಿಕ್ಕಿ ತೊಳೆದು, ವಿಭೂತಿ ಕುಂಕುಮ ಇಟ್ಟು, ಹೂವು ಮುಡಿಸಿ, ಸ್ವಿಚ್ ಆಫ್ ಮಾಡಿ ಸುಮ್ಮನೆ ಬಿಡಬೇಕು. ವರ್ಷವೆಲ್ಲ ಅನ್ನ ಹಾಕಿದ್ದಕ್ಕೆ ಒಂದು ದಿನದ ವಿಶ್ರಾಂತಿ. ಮೀನಿನ ಅಂಗಡಿಯವರು ಮಾತ್ರ ಹಾಗೆ ಮಾಡುವಂತಿಲ್ಲ. ನಾನು ಮೋಟಾರುಗಳನ್ನು ಓಡಲು ಬಿಟ್ಟು, ಅವುಗಳ ಹಿಂದಿನ ಗೋಡೆಗೆ ವಿಭೂತಿ ಹಚ್ಚಿ, ಮೊಳೆಗೊಂದು ಹೂ ಸಿಕ್ಕಿಸಿ ಕೈಮುಗಿಯುತ್ತೇನೆ. ದೇವಿ ಒಪ್ಪಿಕೊಳ್ಳುತ್ತಾಳೆ ಎಂದು ನನ್ನ ನಂಬಿಕೆ.

ಸಾಹೇಬರು ಅವತ್ತು ಡಿಪೋದ ಪೂಜೆಗೆ ಹೋಗಿ, ಅಲ್ಲಿಂದ ಯಾರೋ ಹಳೆಯ ಸಹೋದ್ಯೋಗಿಯ ಊರಿಗೆ ಹೋಗಿ ಉಳಿದುಕೊಂಡಿದ್ದರು. ಮರುದಿನ ಬೆಳಿಗ್ಗೆ ಮನೆಗೆ ವಾಪಸಾದವರೇ ನನಗೆ ಫೋನ್ ಮಾಡಿದರು. “ಬಾ ಬೇಗ” ಎಂದಷ್ಟೇ ಹೇಳಿ ಇಟ್ಟರು.

ಹೋದೆ. ಆಸ್ಕರ್ ನೀರಿನ ಮೇಲೆ ಪಕ್ಕಕ್ಕೆ ಮಲಗಿತ್ತು. ಸತ್ತು ಹೊತ್ತಾಗಿತ್ತು. ತೊಟ್ಟಿಯ ಅಂಚಿನಲ್ಲಿ ತೆಳ್ಳಗೆ ನೊರೆ, ನೀರಿಗೆ ಕುಂಕುಮದ ಬಣ್ಣ. ಮೇಲೆ ನೋಡಿದೆ. ಯಂತ್ರ ಲಕಲಕ ಹೊಳೆಯುತ್ತಿತ್ತು. ಪೈಪಿಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸ್ಟ್ಯಾಂಡಿಗೆ ಸೇವಂತಿಗೆ ಹಾರ. ಬಲೆ ಅಂಗಡಿಯಿಂದ ಆಗ ತಾನೇ ತಂದದ್ದರ ಹಾಗೆ ಬೆಳ್ಳಗಿತ್ತು. ಒಂದೆಳೆ ಪಾಚಿ ಇರಲಿಲ್ಲ. ಸೋಪಿನ ಪುಡಿಯ ವಾಸನೆ ಇನ್ನೂ ಹೋಗಿರಲಿಲ್ಲ.

ಅಮ್ಮಾವರು ಬಾಗಿಲಿಗೆ ಒರಗಿ ನಿಂತಿದ್ದರು. ಕಣ್ಣು ಊದಿತ್ತು. “ನಿನ್ನೆ ಹಬ್ಬ ಅಂತ ಎಲ್ಲಾದಕ್ಕೂ ಪೂಜೆ ಮಾಡ್ದೆ ಕಣಪ್ಪಾ. ಮಿಕ್ಸಿಗೆ, ಸ್ಕೂಟರಿಗೆ. ನನ್ ಮೀನನ್ನ ಉಳಿಸಿದ್ದು ಇದೇ ಅಲ್ವಾ, ಇದನ್ನೊಂದು ಬಿಡೋದು ಹೆಂಗೆ ಅಂತ ಚೆನ್ನಾಗಿ ತಿಕ್ಕಿ ತೊಳೆದು, ಹೂ ಹಾಕಿ, ಆರಾಮಾಗಿರ್ಲಿ ಅಂತ ಆಫ್ ಮಾಡಿದ್ದೆ. ಬೆಳಿಗ್ಗೆ ಎದ್ದು ಆನ್ ಮಾಡಿ ಕೈಮುಗಿದೆ. ಆದ್ರೂ ಹಿಂಗಾಯ್ತಲ್ಲಪ್ಪಾ.”

ನನಗೆ ಎಲ್ಲ ಅರ್ಥವಾಯಿತು. ಆ ತೊಟ್ಟಿಗೆ ಗಾಳಿ ಸಿಗುತ್ತಿದ್ದುದೂ ಆ ಬೀಳುವ ನೀರಿನಿಂದಲೇ. ಅದು ನಿಂತು, ಪಾಚಿ ಹೋಗಿ, ಬೆಳಿಗ್ಗೆ ಬಲೆಯ ಸೋಪು, ಪೈಪಿನ ಕುಂಕುಮ ಎಲ್ಲ ಇಳಿದರೆ ಯಾವ ಮೀನು ಉಳಿದೀತು? ಮೀನಿನ ವ್ಯಾಪಾರಿಗೆ ಇದನ್ನು ಹೇಳದೆ ಇರಲಾಗದು. “ಅಯ್ಯೋ ಅಮ್ಮಾ, ಅದನ್ನ” ಎಂದು ಬಾಯಿ ತೆರೆದೆ.

“ಮುಚ್ಚಯ್ಯ ಬಾಯಿ!” ಸಾಹೇಬರು ಕಿರುಚಿದರು. ಅವರ ಕೈಯಲ್ಲಿ ನನ್ನ ಅಂಗಡಿಯ ಫೀಡ್ ಡಬ್ಬ ಇತ್ತು. “ನಿನ್ ಫೀಡಿಂದಾನೇ ಸತ್ತಿದ್ದು! ಹುಳ ಹಿಡಿದ ಮಾಲು ಮಾರ್ತೀಯ ನೀನು. ಹೇಳಯ್ಯ, ಕೆಟ್ಟಿದ್ದ ಫೀಡ್ ಕೊಟ್ಟೆ ಅಂತ ಅವಳಿಗೆ ಹೇಳು!”

ಎದುರುಮನೆಯ ಕಾಂಪೌಂಡಿನಿಂದ ತಲೆಗಳು ಇಣುಕಿದವು. ನನ್ನ ಮೈ ಉರಿದುಹೋಯಿತು. ಆ ಡಬ್ಬವನ್ನು ಅವರು ಅಂಗಡಿಯ ಟ್ಯೂಬ್‌ಲೈಟಿಗೆ ಹಿಡಿದು, ಮೂಸಿ, ನೋಡಿ ಒಯ್ದದ್ದು ಹಿಂದಿನ ವಾರ. ಇಷ್ಟು ದಿನ ಹೊಂಚು ಹಾಕಿ ಕೊನೆಗೂ ನನ್ನನ್ನು ಹಿಡಿದರು, ಇದಕ್ಕೇ ಕಾಯುತ್ತಿದ್ದರು ಎನಿಸಿತು. ಬಾಯಿಗೆ ಬಂದದ್ದು ಹೇಳಿಬಿಡಬೇಕೆಂದು ಅವರ ಕಡೆ ನೋಡಿದೆ. ಅವರ ಮುಖ ಗಟ್ಟಿಯಾಗಿತ್ತು, ಬಸ್ಸಿನಲ್ಲಿ ಇರುತ್ತಿದ್ದ ಹಾಗೆ.

ಅವರ ಕೈ ಸುಮ್ಮನಿರಲಿಲ್ಲ. ಹೆಬ್ಬೆರಳು ಡಬ್ಬದ ಮುಚ್ಚಳವನ್ನು ತಿರುಗಿಸುತ್ತಿತ್ತು, ಬಿಚ್ಚುತ್ತಿತ್ತು, ಮುಚ್ಚುತ್ತಿತ್ತು, ಮತ್ತೆ ತಿರುಗಿಸುತ್ತಿತ್ತು.

ನಾನು ಅಮ್ಮಾವರ ಕಡೆ ತಿರುಗಿದೆ. “ಹೌದಮ್ಮಾ. ಆ ಫೀಡ್ ಸರಿ ಇರ್ಲಿಲ್ಲ ಅನ್ಸುತ್ತೆ. ನಂದೇ ತಪ್ಪು.”

“ಹೋಗ್ಲಿ ಬಿಡಪ್ಪಾ, ನಿಂಗೇನು ಗೊತ್ತಿತ್ತಾ” ಎಂದು ಆಕೆ ಅಳುತ್ತಲೇ ನನಗೆ ಸಮಾಧಾನ ಹೇಳಿದರು. ಅಂದು ಮಧ್ಯಾಹ್ನ ಅವರ ಮನೆಯಲ್ಲಿ ಕುಕ್ಕರ್ ಕೂಗಿತು ಎಂದು ಎದುರುಮನೆಯವರಿಂದ ತಿಳಿಯಿತು. ಆಕೆ ಉಂಡರೋ ಇಲ್ಲವೋ, ಒಲೆಯಂತೂ ಹಚ್ಚಿದ್ದರು.

ನನ್ನ ಸಿಟ್ಟು ಮಾತ್ರ ಬೇಗ ಇಳಿಯಲಿಲ್ಲ. ಆ ಫೀಡ್ ಬೇಡ ಎನ್ನುವ ಗಿರಾಕಿಗಳು ಬರತೊಡಗಿದರು. ಹೆಂಡತಿಯ ನೆಮ್ಮದಿಗೆ ನನ್ನ ಹೆಸರೇ ಸಿಕ್ಕಿತೇ ಇವರಿಗೆ? ಟ್ಯಾಂಕರಿನವನನ್ನು ಬೈಯಬಹುದಿತ್ತು, ಕರೆಂಟಿನವರನ್ನು ಬೈಯಬಹುದಿತ್ತು. ತಮ್ಮ ಸುಳ್ಳನ್ನು ನಾನು ನಡೆಸಿಕೊಡುತ್ತೇನೆ ಎಂದು ನಂಬಿ ನನ್ನನ್ನು ಕರೆಸಿದರೋ, ಅಥವಾ ಕೈಗೆ ಸಿಕ್ಕಿದ್ದು ನನ್ನ ಡಬ್ಬವಾದ್ದರಿಂದ ನನ್ನ ಹೆಸರು ಬಂತೋ? ಯಾರನ್ನೂ ನಂಬದ ಮನುಷ್ಯ ನನ್ನನ್ನು ಯಾಕೆ ನಂಬಬೇಕು? ಈ ಅನುಮಾನ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಬಲೆಯ ಮೇಲೆ ಮತ್ತೆ ಪಾಚಿ ಹಿಡಿಯುವಷ್ಟು ಕಾಲ ಕಳೆದ ಮೇಲೆ ಅವರು ಅಂಗಡಿಗೆ ಬಂದರು. ಯಲಹಂಕಕ್ಕೆ ಹೋಗಲಿಲ್ಲ, ನನ್ನಲ್ಲಿಗೇ ಬಂದರು. ಒಂದು ಮರಿ ಆಸ್ಕರ್ ತೋರಿಸಿದರು. ಚೀಲಕ್ಕೆ ನೀರು ತುಂಬಿ, ಮೀನು ಬಿಟ್ಟು, ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ಇನ್ನೇನು ಟ್ಯೂಬ್‌ಲೈಟಿಗೆ ಎತ್ತುತ್ತಾರೆ ಎಂದು ಕಾದೆ. ಎತ್ತಲಿಲ್ಲ. ಕೈಯಲ್ಲಿ ಹಿಡಿದುಕೊಂಡು, “ಬರ್ತೀನಯ್ಯ” ಎಂದು ಹೊರಟುಬಿಟ್ಟರು. ನಾನು ಬಾಗಿಲ ತನಕ ಹೋಗಿ ನೋಡಿದೆ, ರಸ್ತೆಯ ಆಚೆ ನ್ಯಾಯಬೆಲೆ ಅಂಗಡಿಯ ಮುಂದೆಯಾದರೂ ನಿಂತು ನೋಡುತ್ತಾರೇನೋ ಎಂದು. ಅಲ್ಲಿಯೂ ನೋಡಲಿಲ್ಲ. ಕ್ಷಮೆ ಕೇಳುವುದು ಅವರಿಗೆ ಗೊತ್ತಿರಲಿಲ್ಲ, ಇದೊಂದು ಗೊತ್ತಿತ್ತು.

ಈಗ ಸಾಹೇಬರಿಲ್ಲ. ಅವರು ಹೋದ ಮೇಲೆ ಬಂದ ಮೊದಲ ಆಯುಧ ಪೂಜೆಗೆ ಅಮ್ಮಾವರು ಫೋನ್ ಮಾಡಿ, “ಬಂದು ಕಾಫಿ ಕುಡಿದು ಹೋಗಪ್ಪಾ” ಎಂದು ಕರೆದರು. ಈ ವರ್ಷ ಅವರ ಮನೆಯಲ್ಲಿ ಹಬ್ಬವಿಲ್ಲ. ಆದರೂ ಯಂತ್ರದ ಹತ್ತಿರ ಏನೋ ಇತ್ತು. ಪಕ್ಕದ ಗೋಡೆಗೆ ಸಣ್ಣಗೆ ಮೂರು ಗೆರೆ ವಿಭೂತಿ. ಮೊಳೆಗೆ ಒಂದೇ ಒಂದು ಸೇವಂತಿಗೆ. ಯಂತ್ರ ಓಡುತ್ತಿತ್ತು. ಕೆಂಪು ದೀಪ ಉರಿಯುತ್ತಿತ್ತು. ಬಲೆಯ ಮೇಲೆ ಪಾಚಿ ಸೊಂಪಾಗಿ ಇಳಿಬಿದ್ದಿತ್ತು. ಕೆಳಗೆ ಆ ಆಸ್ಕರ್, ಈಗ ಅಂಗೈ ಅಗಲವಾದದ್ದು, ಗಾಜಿಗೆ ಅಂಟಿಕೊಂಡು ಆಕೆಯನ್ನು ನೋಡುತ್ತಿತ್ತು.

ಯಂತ್ರವನ್ನು ಓಡಲು ಬಿಟ್ಟು ಗೋಡೆಗೆ ವಿಭೂತಿ ಇಡುವುದನ್ನು ಆಕೆಗೆ ನಾನು ಹೇಳಿಕೊಟ್ಟಿರಲಿಲ್ಲ.

ತಂದಿದ್ದ ಫೀಡ್ ಡಬ್ಬ ಕೈಯಲ್ಲಿ ಹಿಡಿದು ಕೂತೆ. ಅಮ್ಮಾವರು ಕಾಫಿ ತಂದಿಟ್ಟು ಎದುರಿಗೆ ಕೂತರು.

“ಹಾಸಿಗೆ ಹಿಡಿದ ಮೇಲೆ ಕೆರೆಯೋದನ್ನ ನಂಗೆ ಹೇಳ್ಕೊಟ್ರು ಕಣಪ್ಪಾ” ಎಂದರು. “ಕಾರ್ಡ್ ಹೆಂಗೆ ಹಿಡೀಬೇಕು, ಅರ್ಧ ಹೆಂಗೆ ಬಿಡ್ಬೇಕು, ಎಲ್ಲಾ ಹೇಳಿದ್ರು. ಬರೀ ನೀರಲ್ಲಿ ಜಾಲಿಸು ಅಂದ್ರು. ಸೋಪ್ ಯಾಕೆ ಬೇಡ ಅಂತ ನಾನೇ ಕೇಳ್ದೆ. ಎಲ್ಲಾದಕ್ಕೂ ಕಾರಣ ಕೊಡೋರು ಅದೊಂದಕ್ಕೆ, ಸೋಪ್ ದಂಡ ಅಂದ್ರು ಅಷ್ಟೇ. ಅಂದ್ಬಿಟ್ಟು ಬೆಡ್‌ಶೀಟಿನ ಅಂಚು ಹಿಂಡ್ತಾ ಇದ್ರು.”

ನಾನು ತೊಟ್ಟಿಯ ಕಡೆ ನೋಡಿದೆ.

“ಅವತ್ತು ನಿನ್ ಫೀಡೇ ಕೆಟ್ಟಿತ್ತೇನಪ್ಪಾ?”

“ಹೌದಮ್ಮಾ” ಎಂದೆ. “ಫೀಡೇ ಕೆಟ್ಟಿತ್ತು.”

ಆಕೆ ನನ್ನ ಮುಖ ನೋಡಲಿಲ್ಲ. ತಲೆ ಬಗ್ಗಿಸಿ ನನ್ನ ಕೈ ನೋಡಿದರು. ನಾನೂ ನೋಡಿಕೊಂಡೆ. ಹೆಬ್ಬೆರಳು ಡಬ್ಬದ ಮುಚ್ಚಳವನ್ನು ತಿರುಗಿಸುತ್ತಲೇ ಇತ್ತು.

“ಡಬ್ಬ ಕೆಳಗಿಡಪ್ಪಾ” ಎಂದರು ಅಮ್ಮಾವರು. “ಕಾಫಿ ಆರೋಗುತ್ತೆ.”